ಶಿರಸಿಗೆ ಟಿಕೆಟ್ ತೆಗೆದು ದಾಸನಕೊಪ್ಪದಲ್ಲಿ ಇಳಿದ ಮಳೆ

ನನ್ನ ಸೋದರಮಾವ ಮೋಡಗಳಿಗೂ ಟಿಕೆಟ್ ಕೇಳುವ ಮನುಷ್ಯ. ನೀವು ನಗಬಹುದು. ಆದರೆ ಏಪ್ರಿಲ್ ತಿಂಗಳ ಯಾವುದಾದರೂ ಸಂಜೆ ನಾಲ್ಕರ ಸುಮಾರಿಗೆ ಶಿರಸಿಯ ಅವರ ಮನೆಯ ತಾರಸಿ ಹತ್ತಿ ನೋಡಿ. ಸೊಂಟಕ್ಕೆ ಕೈಕೊಟ್ಟು, ಕುತ್ತಿಗೆ ಹಿಂದಕ್ಕೆ ಚೆಲ್ಲಿ, ಪಶ್ಚಿಮದಿಂದ ತೇಲಿ ಬರುವ ಒಂದೊಂದು ಮೋಡವನ್ನೂ ಅವರು ದುರುಗುಟ್ಟಿ ನೋಡುತ್ತಿರುತ್ತಾರೆ. ಎಲ್ಲಿ ಹತ್ತಿತು, ಎಲ್ಲಿಗೆ ಹೊರಟಿತು, ಎಲ್ಲಿ ಇಳಿಯಬೇಕು ಎನ್ನುವುದೆಲ್ಲ ಅವರಿಗೆ ಗೊತ್ತಾಗಲೇಬೇಕು. ಗೊತ್ತಾಗದಿದ್ದರೆ ಆ ದಿನ ಸಂಜೆಯ ಚಹಾ ಅವರಿಗೆ ರುಚಿಸುವುದಿಲ್ಲ.

ಇದು ಹುಟ್ಟುಗುಣವಲ್ಲ, ನೌಕರಿಯಿಂದ ಬಂದದ್ದು. ಮಾವ ಮೂವತ್ತು ವರ್ಷಕ್ಕೂ ಮಿಕ್ಕಿ ಕೆಂಪು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಶಿರಸಿ–ಸಿದ್ದಾಪುರ, ಶಿರಸಿ–ಯಲ್ಲಾಪುರ, ಒಮ್ಮೊಮ್ಮೆ ದಾಸನಕೊಪ್ಪದ ಕಡೆ. ಹೀಗೆ ತಿರುಗಿ ತಿರುಗಿ ಅವರ ತಲೆಯೊಳಗೆ ಭೂಮಿ ಮೈಲಿಯಲ್ಲೂ ಇಲ್ಲ, ಕಿಲೋಮೀಟರಿನಲ್ಲೂ ಇಲ್ಲ, ಸ್ಟೇಜಿನಲ್ಲಿದೆ. ಸ್ಟೇಜು ಎಂದರೆ ಟಿಕೆಟ್ಟಿನ ದರ ಬದಲಾಗುವ ಜಾಗ. ಮದುವೆ ಊಟದಲ್ಲಿ ಹೋಳಿಗೆ ಬಂದರೆ ಪಕ್ಕದವರಿಗೆ ಅವರು ಹೇಳುವುದು, ಇನ್ನು ಎರಡು ಸ್ಟೇಜಿಗೆ ಮಜ್ಜಿಗೆ ಬರುತ್ತದೆ ಎಂದು! ವಾದದಲ್ಲಿ ಸಿಕ್ಕಿಬಿದ್ದಾಗಲೂ ಅವರು ಸೋಲುವುದಿಲ್ಲ. ಕಿಟಕಿಯಾಚೆ ನೋಡುತ್ತ, "ಮುಂದಿನ ಸ್ಟೇಜಿಗೆ ನೋಡನ" ಎನ್ನುತ್ತಾರೆ. ಆ ಮುಂದಿನ ಸ್ಟೇಜು ಬಂದದ್ದನ್ನು ನಾನಂತೂ ಕಂಡಿಲ್ಲ. ನನಗೀಗ ನಲವತ್ತಾರು, ಸಿದ್ದಾಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಆದರೂ ಮಾವನ ಬಾಯಲ್ಲಿ ನಾನಿನ್ನೂ 'ಮಾಣಿ'ಯೇ, ಎಂದರೆ ಹುಡುಗನೇ.

ಎಲ್ಲ ರಗಳೆ ಶುರುವಾದದ್ದು ಮನೆಯಿಂದ. ನೌಕರಿ ಇರುವಷ್ಟು ದಿನ ಮಾವ, ಅತ್ತೆ ಸಿದ್ದಾಪುರ ತಾಲೂಕಿನ ತ್ಯಾಗಲಿಯಲ್ಲಿ ಒಂದು ಬಾಡಿಗೆಯ ಹಂಚಿನ ಮನೆಯಲ್ಲಿದ್ದರು. ನಿವೃತ್ತಿಯಾದ ಮೇಲೆ ಮಾವ ಶಿರಸಿ ಪೇಟೆಯ ನಡುವೆ ಆರ್‌ಸಿಸಿ ಮನೆ ಕಟ್ಟಿಸಿದರು. ಯಾಕೆ ಪೇಟೆಯ ನಡುವೆ? ಬಸ್ ಸ್ಟ್ಯಾಂಡಿನ ಹಾರ್ನು ಕೇಳಬೇಕಲ್ಲ! ಬೆಳಗಿನ ಮೊದಲ ಬಸ್ಸು ರಿವರ್ಸ್ ತೆಗೆಯುವ ಸದ್ದು ಕಿವಿಗೆ ಬೀಳದಿದ್ದರೆ ಅವರಿಗೆ ಎಚ್ಚರವೇ ಆಗುವುದಿಲ್ಲವಂತೆ. ಮನೆಯೇನೋ ಚೆಂದವಿದೆ. ಅಂಗಳಕ್ಕೆ ಸಿಮೆಂಟು ಬಿಲ್ಲೆ, ಮುಂದೆ ಕಾಂಕ್ರೀಟು ರಸ್ತೆ, ಸುತ್ತ ಅಂಥವೇ ಮನೆಗಳು. ಪಕ್ಕದವರ ಒಂದು ಮಾವಿನ ಮರವಿತ್ತು. ಅವರು ಕಾರು ತಂದರು, ಮರ ಹೋಯಿತು.

ಗೃಹಪ್ರವೇಶವಾಗಿ ತಿಂಗಳೊಪ್ಪತ್ತಾಗಿತ್ತು. ಎಲ್ಲರೂ ಕೂತು ಕಾಫಿ ಕುಡಿಯುವಾಗ ಮಾವ ಅತ್ತೆಯನ್ನು, ಮನೆ ಹೇಗನ್ನಿಸುತ್ತದೆ ಎಂದು ಹತ್ತು ಜನರೆದುರು ಕೇಳಿದರು. ಇಂಥ ಪ್ರಶ್ನೆಗೆ ಉತ್ತರ ಮೊದಲೇ ತೀರ್ಮಾನವಾಗಿರುತ್ತದೆ ಎನ್ನುವುದು ಸಂಸಾರಸ್ಥರಿಗೆಲ್ಲ ಗೊತ್ತು. ಅತ್ತೆ ಲೋಟ ಕೆಳಗಿಟ್ಟು, "ಅಡ್ಡಿಲ್ಲೆ. ಆದ್ರೆ ಇಲ್ಲಿ ಕತ್ಲೆ ಆಗ್ತು, ರಾತ್ರೆ ಆಗ್ತಿಲ್ಲೆ" ಎಂದರು.

ಅತ್ತೆ ಹೇಳಿದ್ದು ಇಷ್ಟೇ: ಇಲ್ಲಿ ಹೊತ್ತು ಮುಳುಗಿದರೂ ತಂಪಾಗುವುದಿಲ್ಲ, ಗೋಡೆ ಬಿಸಿ, ನೆಲ ಬಿಸಿ, ತಲೆಯ ಮೇಲಿನ ಸ್ಲ್ಯಾಬು ಬಿಸಿ, ನನಗೆ ನಿದ್ದೆ ಬರುವುದಿಲ್ಲ. ನಿದ್ದೆ ಬರುವುದಿಲ್ಲ ಎನ್ನುವ ಮಾತನ್ನು ಬೇರೆ ಯಾವ ಗಂಡನೇ ಆದರೂ ನಿದ್ದೆಯ ವಿಷಯ ಎಂದುಕೊಳ್ಳುತ್ತಿದ್ದ. ಮಾವನಿಗೆ ಅದು ಮನೆಯ ಮೇಲಿನ ದೂರಾಗಿ ಕೇಳಿಸಿತು. ಜೀವಮಾನದ ದುಡಿಮೆಯಲ್ಲಿ ಕಟ್ಟಿಸಿದ ಮನೆಯ ಮೇಲೆ, ಹತ್ತು ಜನರೆದುರು, ಲಿಖಿತವಲ್ಲದ ದೂರು! ಪೇಟೆಯೂ ಹಳ್ಳಿಯಷ್ಟೇ ತಂಪು, ಬಿಸಿಯೆಲ್ಲ ಅತ್ತೆಯ ಮನಸ್ಸಿನಲ್ಲಿದೆ ಎಂದು ತೋರಿಸಿಕೊಡುವುದೇ ಅಂದಿನಿಂದ ಅವರ ನಿವೃತ್ತ ಜೀವನದ ಗುರಿಯಾಯಿತು. ಅತ್ತೆಗೆ ಬೇಕಾದದ್ದು ಒಂದು ರಾತ್ರಿಯ ನಿದ್ದೆ, ಮಾವನಿಗೆ ಬೇಕಾದದ್ದು ಸಾಕ್ಷಿ.

ಒಂದು ಸೋಮವಾರ ಅವರು ಸೀದಾ ನನ್ನ ಶಾಲೆಗೆ ಬಂದರು. ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು, "ಮಾಣಿ, ನಿಮ್ಮ ಶಾಲೆಲಿ ಡಿಗ್ರಿ ಕಡ್ಡಿ ಇದ್ದಾ?" ಎಂದು ಕೇಳಿದರು. ಡಿಗ್ರಿ ಕಡ್ಡಿ ಎಂದರೆ ಥರ್ಮಾಮೀಟರು. ಮಕ್ಕಳೆಲ್ಲ ಕಿಸಕ್ಕೆಂದವು. ನನ್ನ ಸ್ವಂತದ್ದೊಂದಿತ್ತು, ಕೊಟ್ಟೆ. ಅಂದಿನಿಂದ ಮಾವ ದಿನಾ ಬಸ್ಸು ಹತ್ತತೊಡಗಿದರು. ಶಿರಸಿಯಿಂದ ಸಿದ್ದಾಪುರದ ತನಕ ಪ್ರತಿ ಸ್ಟೇಜಿಗೂ ಡಿಗ್ರಿ ಬರೆದುಕೊಳ್ಳುವುದು, ಮಧ್ಯಾಹ್ನದ ಬಸ್ಸಿಗೆ ವಾಪಸ್ಸು. ಹದಿನೈದು ದಿನದ ನಂತರ ಫಲಿತಾಂಶ ಪ್ರಕಟವಾಯಿತು. ಶಿರಸಿ ತಂಪು, ತ್ಯಾಗಲಿಯ ಕಡೆ ಬೆಂಕಿ! ಮುಂದೆ ಮುಂದೆ ಹೋದ ಹಾಗೆ ಬಿಸಿ ಏರುತ್ತಲೇ ಹೋಗಿದೆ, ಇನ್ನೆರಡು ಸ್ಟೇಜು ಹೋಗಿದ್ದರೆ ಅಕ್ಕಿ ಬೇಯುತ್ತಿತ್ತು.

ಈ ಫಲಿತಾಂಶವನ್ನು ಮಾವ ಮನೆಗೆ ಬಂದ ಹಾಲಿನವರಿಗೂ ಹೇಳಿದರು, ಮೀಟರ್ ಓದಲು ಬಂದವರಿಗೂ ಹೇಳಿದರು. ಅತ್ತೆ ಒಳಗಿನಿಂದಲೇ, "ಹಂಗಾರೆ ತ್ಯಾಗಲಿಲಿ ಬ್ಯಾಸಿಗೇಲೂ ಕಂಬ್ಳಿ ಹೊದ್ಕತ್ತಿದ್ದಿದ್ದು ಯಾರು?" ಎಂದು ಕೇಳಿದರು. ನನಗೂ ಒಗಟಾಯಿತು. ವಿಜ್ಞಾನದ ಮಾಸ್ತರನಾಗಿ ಇದನ್ನು ಸುಮ್ಮನೆ ಬಿಡುವ ಹಾಗಿರಲಿಲ್ಲ. ಒಂದು ಶನಿವಾರ ಅವರ ಜೊತೆಗೇ ಬಸ್ಸು ಹತ್ತಿದೆ. ಹತ್ತಿದ ಕೂಡಲೇ ಒಗಟು ಒಡೆಯಿತು. ಮಾವ ಹೋಗಿ ಕೂತದ್ದು ಡ್ರೈವರಿನ ಪಕ್ಕದ ಬಾನೆಟ್ಟಿನ ಸೀಟಿನಲ್ಲಿ! ಅಷ್ಟು ವರ್ಷದ ರೂಢಿ, ಡ್ರೈವರ್ ಜೊತೆ ಮಾತಾಡದೆ ಅವರಿಗೆ ಪ್ರಯಾಣವೇ ಆಗುವುದಿಲ್ಲ. ಕಡ್ಡಿಯನ್ನು ಇಟ್ಟದ್ದು ಇಂಜಿನ್ನಿನ ಮುಚ್ಚಳದ ಮೇಲೆ. ಶಿರಸಿ ಬಿಡುವಾಗ ಇಂಜಿನ್ನು ತಣ್ಣಗಿರುತ್ತದೆ, ಏರು ಹತ್ತಿ ಇಳಿದು ಹೋಗುವಷ್ಟರಲ್ಲಿ ಕಾದಿರುತ್ತದೆ. ಹದಿನೈದು ದಿನ ಅವರು ಬರೆದುಕೊಂಡದ್ದು ಊರುಗಳ ಬಿಸಿಯನ್ನಲ್ಲ, ಇಂಜಿನ್ನಿನ ಜ್ವರವನ್ನು.

ನಾನು ಮೆಲ್ಲನೆ ಹೇಳಿದೆ. ಮಾವ ಎರಡು ಸ್ಟೇಜು ಕಡ್ಡಿಯನ್ನೇ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕಡ್ಡಿಯನ್ನು ಕಿಸೆಗೆ ಹಾಕಿ, "ಮುಂದಿನ ಸ್ಟೇಜಿಗೆ ನೋಡನ" ಎಂದರು.

ಆ ಕಡ್ಡಿ ಬಹಳ ದಿನ ಬಾಳಲಿಲ್ಲ. ಅದರ ಅಂತ್ಯದ ಕಥೆ ಹೇಳಬೇಕಾದರೆ ನಮ್ಮ ಕಡೆಯ ಮಾತಿನ ಒಂದು ವಿಶೇಷ ಹೇಳಬೇಕು. ನಾವು ಹೆಂಗಸರನ್ನು 'ಅವಳು' ಎನ್ನುವುದಿಲ್ಲ, 'ಅದು' ಎನ್ನುತ್ತೇವೆ. ಅಮ್ಮನೂ ಅದು, ಅತ್ತೆಯೂ ಅದು, ಅಂಗಳದ ಕುರ್ಚಿಯೂ ಅದು. ಹೊರಗಿನವರು ಕೇಳಿ ಗಾಬರಿಯಾಗುತ್ತಾರೆ, ಅಗೌರವ ಎಂದುಕೊಳ್ಳುತ್ತಾರೆ. ಅಗೌರವವೇನೂ ಅಲ್ಲ, ಬರೀ ವ್ಯಾಕರಣ. ಆದರೆ ಆ ವ್ಯಾಕರಣ ಒಂದು ದಿನ ನನ್ನ ಜೀವವನ್ನು ಬಾಯಿಗೆ ತಂದಿತು. ಮಧ್ಯಾಹ್ನ ಪಾಠ ಮಾಡುತ್ತಿದ್ದೆ, ಮಾವನ ಫೋನು. "ಮಾಣಿ, ಅದು ತಾರಸಿ ಮೆಟ್ಲ ಮೇಲಿಂದ ಬಿದ್ದೋತು. ಬೇಗ ಬಾ" ಎಂದವರೇ ಇಟ್ಟುಬಿಟ್ಟರು.

ನಾನು ಹೆಡ್‌ಮಾಸ್ತರಿಗೆ ಅರ್ಧ ಹೇಳಿ ಅರ್ಧ ನುಂಗಿ ಬೈಕು ಹತ್ತಿದೆ. ಸಿದ್ದಾಪುರದಿಂದ ಶಿರಸಿಗೆ ಹಾಗೆ ನಾನು ಬೈಕು ಬಿಟ್ಟದ್ದು ಮೊದಲು, ಕೊನೆಯದೂ ಅದೇ ಆಗಲಿ. ದಾರಿಯುದ್ದಕ್ಕೂ ಮಂಡಿ ಮುರಿದಿರಬಹುದೇ, ಸೊಂಟವೇ, ಆಸ್ಪತ್ರೆಗೆ ಒಯ್ದಿರಬಹುದೇ ಎಂದು ಲೆಕ್ಕ ಹಾಕುತ್ತ ಹೋದೆ. ಬೆಲ್ಲು ಒತ್ತಿದರೆ ಬಾಗಿಲು ತೆಗೆದದ್ದು ಅತ್ತೆಯೇ! ಕೈಯಲ್ಲಿ ಸೌಟು, ಸೆರಗು ಸೊಂಟಕ್ಕೆ. ಶಾಲೆ ಇಲ್ಲವೇ ಇವತ್ತು ಎಂದು ಅವರೇ ನನ್ನನ್ನು ಕೇಳಿದರು. ಒಳಗೆ ಮಾವ ಮೆಟ್ಟಿಲ ಮೇಲೆ ಕೂತು ಗಾಜಿನ ಚೂರುಗಳನ್ನು ಪತ್ರಿಕೆಯ ಹಾಳೆಯಲ್ಲಿ ಒಟ್ಟು ಮಾಡುತ್ತಿದ್ದರು. ನನ್ನ ಮುಖ ನೋಡಿ ಅತ್ತೆಗೆ ವಿಷಯ ಹೊಳೆಯಿತು. ತಾನು ಬಿದ್ದರೆ ಇವರು ಫೋನು ಮಾಡುತ್ತಾರೋ ಇಲ್ಲವೋ, ಕಡ್ಡಿ ಬಿದ್ದದ್ದಕ್ಕೆ ಅಳಿಯನ ಶಾಲೆ ಬಿಡಿಸಿದರಲ್ಲ ಎಂದು ನಗತೊಡಗಿದರು. ನಗುತ್ತಲೇ ನನಗೆ ಊಟ ಬಡಿಸಿದರು. ಅವರ ಕಣ್ಣಿನ ಕೆಳಗೆ ಕಪ್ಪಾಗಿದ್ದು ನನಗೆ ಕಂಡದ್ದು ಆವತ್ತೇ.

ಹೊಸ ಕಡ್ಡಿ ಬಂತು. ಈ ಸಲ ಒಂದಲ್ಲ, ಎರಡು. ಗಾಳಿಯ ಹಸಿಯನ್ನೂ ಅಳೆಯಬಹುದು ಎಂದು ನಾನೇ ಬಾಯಿ ತಪ್ಪಿ ಹೇಳಿಬಿಟ್ಟಿದ್ದೆ. ಉಪಾಯ ಸುಲಭ. ಒಂದು ಕಡ್ಡಿಯ ತುದಿಗೆ ಒದ್ದೆ ಬಟ್ಟೆ ಸುತ್ತಬೇಕು, ಇನ್ನೊಂದನ್ನು ಹಾಗೇ ಬಿಡಬೇಕು. ಗಾಳಿ ಒಣಗಿದ್ದರೆ ಬಟ್ಟೆಯ ನೀರನ್ನು ಬೇಗ ಹೀರುತ್ತದೆ, ಬಟ್ಟೆ ತಣ್ಣಗಾಗಿ ಆ ಕಡ್ಡಿಯ ಡಿಗ್ರಿ ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಗಾಳಿ ಒಣ. ಮಾವ ಅಭಿಮಾನದಿಂದ ತಮ್ಮ ಹಳೆಯ ಖಾಕಿ ಅಂಗಿಯ ಚೂರು ಸುತ್ತಿದರು. ಮೂವತ್ತು ಮಳೆಗಾಲ ತಡೆದ ಆ ಖಾಕಿ ನೀರು ಹೀರುವುದೇ? ಕಡೆಗೆ ಅತ್ತೆಯೇ ದೇವರ ಗೂಡಿನಿಂದ ಉದ್ದದ ಹತ್ತಿಯ ಬತ್ತಿ ತಂದುಕೊಟ್ಟರು. ತನ್ನ ವಿರುದ್ಧದ ಸಾಕ್ಷಿಗೆ ತಾನೇ ಬತ್ತಿ ಹೊಸೆದುಕೊಟ್ಟ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬತ್ತಿ ಸತ್ಯವನ್ನೇ ಹೇಳಿತು. ಈ ಸಲ ಮಾವ ಕಿಟಕಿಯ ಪಕ್ಕ ಕೂತರು, ತ್ಯಾಗಲಿಯಲ್ಲಿ ಇಳಿದು ಹಳೆಯ ಮನೆಯ ಅಂಗಳದಲ್ಲಿ ನಿಂತು ನೋಡಿದರು, ಬಂದು ತಮ್ಮ ಅಂಗಳದಲ್ಲೂ ನೋಡಿದರು. ಅಲ್ಲಿ ಎರಡು ಕಡ್ಡಿಗಳ ಡಿಗ್ರಿಗಳು ಅಕ್ಕಪಕ್ಕದಲ್ಲೇ ಇದ್ದವು, ಇಲ್ಲಿ ಮುಖ ತಿರುಗಿಸಿ ದೂರ ದೂರ ನಿಂತವು. ನಾನು ವಿವರಿಸಿದೆ. ಮರ ನೆಲದ ನೀರನ್ನು ಕುಡಿದು ಎಲೆಯಿಂದ ಗಾಳಿಗೆ ಬಿಡುತ್ತದೆ, ಆ ಕೆಲಸದಲ್ಲಿ ಬಿಸಿಲಿನ ಕಾವು ಖರ್ಚಾಗುತ್ತದೆ. ಸಿಮೆಂಟಿಗೆ ಕುಡಿಯುವುದೂ ಗೊತ್ತಿಲ್ಲ, ಬಿಡುವುದೂ ಗೊತ್ತಿಲ್ಲ. ಅದು ಹಗಲಿಡೀ ಕಾವನ್ನು ನುಂಗಿಟ್ಟು ರಾತ್ರಿ ಕಕ್ಕುತ್ತದೆ. ತ್ಯಾಗಲಿಯಲ್ಲಿ ಬೆಳಿಗ್ಗೆ ಬೈಕಿನ ಸೀಟಿನ ಇಬ್ಬನಿ ಒರೆಸಿಯೇ ಕೂರಬೇಕಿತ್ತು, ಇಲ್ಲಿ ರಾತ್ರಿ ಹೊರಗೆ ಹರವಿದ ಪಂಚೆ ಬೆಳಿಗ್ಗೆ ಗರಿಗರಿಯಾಗಿರುತ್ತದಲ್ಲ ಎಂದೆ. ಮಾವ ಕೇಳಿದರು, ಕೇಳಿ ಗೆಲುವಾದರು. ಗಾಳಿ ಒಣಗಿದ್ದರೆ ಒಳ್ಳೆಯದೇ ಆಯಿತಲ್ಲ, ಹಪ್ಪಳ ಒಂದೇ ದಿನಕ್ಕೆ ಒಣಗುತ್ತದೆ! ದೂರಿನೊಳಗಿಂದಲೂ ಹೊಗಳಿಕೆ ಹಿಂಡುವ ಈ ವಿದ್ಯೆ ಅವರಿಗೆ ಹೇಗೆ ಬಂತೋ.

ಹಪ್ಪಳದ ಕಥೆಗೆ ಹೋಗುವ ಮೊದಲು ಹಾಸಿಗೆಯದನ್ನು ಮುಗಿಸಿಬಿಡುತ್ತೇನೆ. ಮಾವನ ಮಗಳ ಮನೆ ಯಲ್ಲಾಪುರದಲ್ಲಿ, ಊರ ಹೊರಗೆ, ಮರಗಳ ನಡುವೆ. ಯಾವುದೋ ಪೂಜೆಗೆಂದು ಹೋದ ಅತ್ತೆ ಅಲ್ಲಿ ಎರಡು ರಾತ್ರಿ ಗಾಢ ನಿದ್ದೆ ಮಾಡಿದರು. ಬೆಳಗಿನ ಕಾಫಿಗೆ ಮಗಳೇ ಅಲ್ಲಾಡಿಸಿ ಎಬ್ಬಿಸಬೇಕಾಯಿತಂತೆ. ಮಾವ ತಕ್ಷಣ ಕಾರಣ ಕಂಡುಹಿಡಿದರು: ಹಾಸಿಗೆ. ಮಗಳ ಮನೆಯದು ಅರಳೆಯ ಹಾಸಿಗೆ, ನಮ್ಮದು ಪೇಟೆಯ ಸ್ಪಂಜಿನದು, ಅಷ್ಟೇ ವ್ಯತ್ಯಾಸ. ಆ ಹಾಸಿಗೆಯನ್ನು ಸುರುಳಿ ಸುತ್ತಿ, ಲಗೇಜಿನ ಟಿಕೆಟ್ ತಾವೇ ಕೇಳಿ ಪಡೆದು, ಯಲ್ಲಾಪುರದಿಂದ ಶಿರಸಿಗೆ ಬಸ್ಸಿನಲ್ಲಿ ತಂದರು. ಮೂರು ರಾತ್ರಿ ಪ್ರಯೋಗ ನಡೆಯಿತು. ಅದರ ಮೇಲೆ ಅತ್ತೆಗೆ ನಿದ್ದೆ ಬರಲಿಲ್ಲ, ಮಾವ ಮಾತ್ರ ಚೆನ್ನಾಗಿ ಗೊರಕೆ ಹೊಡೆದರು. ಹಾಸಿಗೆಗೆ ಇನ್ನೂ ಊರು ಹೊಂದಿಕೆಯಾಗಿಲ್ಲ ಎಂದು ನನಗೆ ಫೋನಿನಲ್ಲಿ ವರದಿ ಬಂತು. ನಾಲ್ಕನೆಯ ದಿನ ಮಗಳು ತನ್ನ ಹಾಸಿಗೆ ವಾಪಸ್ಸು ಕೇಳಿದಳು.

ಹಪ್ಪಳ. ಎರಡನೆಯ ಬೇಸಿಗೆಗೆ, ಪೇಟೆಯ ಒಣ ಗಾಳಿಯನ್ನು ಸದುಪಯೋಗ ಮಾಡಿಕೊಳ್ಳಬೇಕೆಂದು ಮಾವ ಹಟ ಹಿಡಿದು ಹಲಸಿನಕಾಯಿ ತಂದರು. ಅತ್ತೆ ಬೇಯಿಸಿ ರುಬ್ಬಿ, ಇಬ್ಬರೂ ಸೇರಿ ಒತ್ತಿ, ತಾರಸಿಯ ತುಂಬ ಹರವಿದರು. ಮಧ್ಯಾಹ್ನ ದಾಟುತ್ತಲೇ ಊರ ನೆತ್ತಿಯ ಮೇಲೆ ಮೋಡ ಎದ್ದಿತು. ಕಪ್ಪಗೆ, ಗೋಪುರದ ಹಾಗೆ, ನೋಡನೋಡುತ್ತ ಮೇಲಕ್ಕೆ. ಗುಡುಗಿತು. ಅತ್ತೆ, ಮಾವ ಬಿದ್ದು ಎದ್ದು ಹಪ್ಪಳವನ್ನೆಲ್ಲ ಒಳಗೆ ಸಾಗಿಸಿದರು. ಒಂದು ಹನಿ ಬೀಳಲಿಲ್ಲ. ಬಿಸಿಲು ಬಂತು, ಮತ್ತೆ ಹರವಿದರು. ಮತ್ತೆ ಗುಡುಗಿತು, ಮತ್ತೆ ಒಳಗೆ. ಮೂರನೆಯ ಸಲಕ್ಕೆ ಹಪ್ಪಳಗಳು ಯಾವ ಆಕಾರದಲ್ಲಿದ್ದವು ಎಂದರೆ, ಅವನ್ನು ಕರಿದಾಗ ಕೆಲವು ನಮ್ಮ ಜಿಲ್ಲೆಯ ನಕ್ಷೆಯಂತೆಯೇ ಅರಳಿದವು.

ಇವರು ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ಕೂತಿರುವಾಗ ದಾಸನಕೊಪ್ಪದಿಂದ ಫೋನು. ಅಲ್ಲೊಬ್ಬರು ಕಿರಾಣಿ ಅಂಗಡಿಯ ಸಾಹುಕಾರರಿದ್ದಾರೆ. ಶಿರಸಿ ಸಂತೆಯ ಸಾಮಾನಿಗೆಂದು ಮಾವನ ಬಸ್ಸಿನಲ್ಲಿ ಓಡಾಡಿ ಓಡಾಡಿ ಸ್ನೇಹವಾದವರು. ಅವರು ಸುಮ್ಮನೆ ಕುಶಾಲಿಗೆ, "ಸಾಹೇಬ್ರ, ನಿಮ್ಮ ಶಿರಸಿ ಮ್ಯಾಲಿನ ಮೋಡ ಇಲ್ಲಿಗಿ ಬಂದು ಮಳಿ ಹೊಡದು ಹಾಕೈತ್ರಿ. ಬಂದು ಒಯ್ರಿ" ಎಂದರು.

ಕುಶಾಲಿನ ಮಾತನ್ನು ಮಾವ ಕುಶಾಲಾಗಿ ತೆಗೆದುಕೊಳ್ಳುವವರೇ? ಮೋಡ ಹತ್ತಿದ್ದು ಸಮುದ್ರದಲ್ಲಿ, ಟಿಕೆಟ್ಟು ಶಿರಸಿಗೆ, ಇಳಿದದ್ದು ದಾಸನಕೊಪ್ಪದಲ್ಲಿ! ತನಿಖೆ ಆಗಲೇಬೇಕು. ಒಂದೇ ಅಳತೆಯ ಮೂರು ಡಬ್ಬಿ ಕೊಂಡರು. ಒಂದು ತಮ್ಮ ತಾರಸಿಗೆ, ಒಂದು ತ್ಯಾಗಲಿಯ ಹಳೆಯ ಮನೆಯ ಅಂಗಳಕ್ಕೆ, ಮೂರನೆಯದು ಸಾಹುಕಾರರ ಅಂಗಡಿಯ ಹಿತ್ತಲಿಗೆ. ಮಳೆ ಬಂದ ಮಾರನೇ ದಿನ ಸ್ಕೇಲು ಹಿಡಿದು ನೀರಿನ ಎತ್ತರ ಅಳೆಯುವುದು. ಒಂದು ಭಾನುವಾರ ನಾನೂ ಜೊತೆಗೆ ದಾಸನಕೊಪ್ಪಕ್ಕೆ ಹೋದೆ. ಸಾಹುಕಾರರು, "ಬರ್ರಿ ಬರ್ರಿ, ಚಾ ತಗೋರಿ" ಎಂದು ಬೆಂಚು ಒರೆಸಿದರು. ಡಬ್ಬಿ ನೋಡಿದರೆ ತುಂಬ ಶೇಂಗಾ! ಸಾಹುಕಾರರು ಸಮಾಧಾನವಾಗಿಯೇ ಹೇಳಿದರು, ಎರಡು ಮಳೆಗೇ ಡಬ್ಬಿ ತುಂಬಿ ಹೋಯಿತು, ನೀರು ಚೆಲ್ಲಿದೆವು, ಒಳ್ಳೆ ಡಬ್ಬಿ ಖಾಲಿ ಯಾಕಿರಬೇಕು ಎಂದು ಶೇಂಗಾ ಹಾಕಿದೆವು. ಮಾವ ಶೇಂಗಾದ ಎತ್ತರವನ್ನೇ ಸ್ಕೇಲಿನಲ್ಲಿ ಅಳೆದು ಬರೆದುಕೊಂಡರು. ಇದು ಸುಳ್ಳಲ್ಲ, ನಾನೇ ಕಂಡದ್ದು.

ಆ ಬೇಸಿಗೆಯಲ್ಲಿ ತಾರಸಿಯ ಡಬ್ಬಿಗೆ ಬಿದ್ದದ್ದು ಬಹುಪಾಲು ಧೂಳು, ಎಲ್ಲಿಂದಲೋ ಹಾರಿ ಬಂದ ಎರಡು ಒಣಗಿದ ಎಲೆ, ಒಂದು ಕಾಗೆಯ ಗರಿ. ಮಾವ ಸಪ್ಪಗಾದರು. ಒಂದು ಸಂಜೆ ಶಿರಸಿಯ ಮನೆಯಲ್ಲಿ ಕೂತು ನಾನು ಅವರಿಗೆ ಓದಿ ತಿಳಿದದ್ದನ್ನು ಹೇಳಿದೆ. ದೊಡ್ಡ ದೊಡ್ಡ ನಗರಗಳಲ್ಲಿ ಹೀಗಾಗುತ್ತದಂತೆ. ನಗರದ ಕಾವಿಗೆ ಗಾಳಿ ಹಗುರಾಗಿ ಮೇಲೇಳುತ್ತದೆ. ಸುತ್ತಲಿನ ಹಸಿ ಗಾಳಿ ಆ ಜಾಗ ತುಂಬಲು ನುಗ್ಗುತ್ತದೆ, ಅದೂ ಮೇಲೇರಿ ಮೋಡವಾಗುತ್ತದೆ. ಆದರೆ ಮೋಡ ಬಲಿತು ಮಳೆಯಾಗುವಷ್ಟರಲ್ಲಿ ಮೇಲಿನ ಗಾಳಿ ಅದನ್ನು ಮುಂದಕ್ಕೆ ತಳ್ಳಿರುತ್ತದೆ. ಕಾದದ್ದು ನಗರ, ನೆನೆಯುವುದು ಅದರಾಚೆಯ ಊರು. ಇಷ್ಟು ಹೇಳಿ, ಮಾಸ್ತರಿಕೆಯ ಪ್ರಾಮಾಣಿಕತೆಗೆ ಒಂದು ಮಾತು ಸೇರಿಸಿದೆ: ಇದೆಲ್ಲ ಮಹಾನಗರಗಳ ಸಂಗತಿ, ಶಿರಸಿಯಷ್ಟು ಸಣ್ಣ ಪೇಟೆಗೆ ಮೋಡವನ್ನು ಎಬ್ಬಿಸಿ ಓಡಿಸುವಷ್ಟು ಕಾವು ಎಲ್ಲಿಂದ ಬರಬೇಕು? ಒಂದು ಬೇಸಿಗೆ, ಮೂರು ಡಬ್ಬಿ ನೋಡಿ ತೀರ್ಮಾನ ಹೇಳುವ ಹಾಗಿಲ್ಲ.

ನನ್ನ ಮಾತು ಮುಗಿಯುವಷ್ಟರಲ್ಲಿ ಮಾವ ಎದ್ದು ನಿಂತಿದ್ದರು. ಶಿರಸಿ ಸಣ್ಣ ಪೇಟೆಯೇ! ಅವರ ಮುಖ ಕೆಂಪಗಾಗಿತ್ತು.

"ಶಿರಸಿ ಹೇಳಿರೆ ಎಂತ ಹೇಳಿ ತಿಳ್ಕಂಡಿದ್ದೆ ನೀನು? ಇಲ್ಲಿ ಸಂಜೆ ಏಳು ಗಂಟಿಗೂ ತಾರಸಿ ಮೇಲೆ ಕಾಲು ಇಡಲೆ ಆಗ್ತಿಲ್ಲೆ. ಗೋಡೆ ಮುಟ್ಟು, ದ್ವಾಸೆ ಹೊಯ್ಯಲಕ್ಕು. ಮೋಡ ಓಡ್ಸಲೆ ಇದಕ್ಕಿಂತ ಎಂತ ಬೇಕು?"

ಊರಿನ ಮಾನ ಕಾಯುವ ಭರದಲ್ಲಿ ಅವರು ಕಿಸೆಯಿಂದ ಪುಸ್ತಕ ತೆಗೆದು ಸ್ಟೇಜು ಸ್ಟೇಜಿನ ಡಿಗ್ರಿಯನ್ನು ಓದಿದರು. ಬೆಳಗಿನ ಜಾವದ ಶಿರಸಿ ಇಷ್ಟು, ಮಾರನೇ ದಿನ ಅದೇ ಹೊತ್ತಿನ ತ್ಯಾಗಲಿ ಇಷ್ಟು, ನೋಡು ಅಂತರ! ಬತ್ತಿಯ ಕಡ್ಡಿ ಹೇಳಿದ್ದು ಇಷ್ಟು! ಇಂಜಿನ್ನಿನ ಜ್ವರದ ಹದಿನೈದು ದಿನ ಬಿಟ್ಟು ಉಳಿದದ್ದೆಲ್ಲ ಅಚ್ಚುಕಟ್ಟಾದ ಲೆಕ್ಕ, ವರ್ಷಗಟ್ಟಲೆ ಟಿಕೆಟ್ಟಿನ ಲೆಕ್ಕದ ವೇಬಿಲ್ ಬರೆದ ಕೈ. ಓದಿ ಮುಗಿಸಿ ನನ್ನತ್ತ ಗೆದ್ದವರಂತೆ ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸೊಪ್ಪು ಸೋಸುತ್ತ ಕೂತಿದ್ದರು. ತಲೆಯೆತ್ತದೆ ಕೇಳಿದರು.

"ಅಷ್ಟು ಬಿಸಿ ಇದ್ದಾ ಹಂಗಾರೆ?"

ದನಿಯಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ಕೇಳಿದ ಹಾಗಿತ್ತು. ತನ್ನ ಮೈಗೆ ಅನ್ನಿಸಿದ್ದು ಹೌದೋ ಅಲ್ಲವೋ ಎಂದು ಅವರಿಗೇ ಅಷ್ಟು ದಿನದಲ್ಲಿ ಅನುಮಾನ ಬಂದುಬಿಟ್ಟಿತ್ತೋ ಏನೋ. ಮಾವ ಈ ಸಲ ಮುಂದಿನ ಸ್ಟೇಜು ಎನ್ನಲಿಲ್ಲ. ಪುಸ್ತಕವನ್ನು ಕಿಸೆಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ನಾನೂ ಏನೋ ನೆಪ ಹೇಳಿ ಸಿದ್ದಾಪುರದ ಬಸ್ಸು ಹಿಡಿದೆ.

ಆಮೇಲೆ ಎರಡು ವಾರ ಮಾವನಿಂದ ಫೋನಿಲ್ಲ. ಹೊಸ ಸಾಕ್ಷಿ ಹುಡುಕುತ್ತಿರಬೇಕು, ಈ ಸಲ ಯಾವ ಹಾಸಿಗೆಯೋ ಎಂದುಕೊಂಡೆ. ಶಿರಸಿಯಲ್ಲಿ ಶಿಕ್ಷಕರ ತರಬೇತಿಯೊಂದು ಬಂತು. ಅದು ಮುಗಿದ ರಾತ್ರಿ ಅವರ ಮನೆಯಲ್ಲೇ ಉಳಿದೆ. ಮಾತೆಲ್ಲ ಮಾಮೂಲಿನಂತೆ ಇತ್ತು, ಡಿಗ್ರಿಯ ಸುದ್ದಿ ಮಾತ್ರ ಇರಲಿಲ್ಲ. ಬೆಳಗಿನ ಜಾವ ಮಾವ ನನ್ನನ್ನು ಎಬ್ಬಿಸಿದರು. ಎದ್ದು ನೋಡಿದರೆ ಅತ್ತೆ ಆಗಲೇ ಸೀರೆ ಉಟ್ಟು ತಯಾರಾಗಿದ್ದಾರೆ, ಎಲ್ಲಿಗೆ ಎಂದು ಅವರಿಗೂ ಗೊತ್ತಿಲ್ಲ. ಸಿದ್ದಾಪುರದ ಮೊದಲ ಬಸ್ಸಿಗೆ ಮೂವರೂ ಹೊರಟೆವು. ಕಡ್ಡಿ ತೆಗೆದುಕೊಳ್ಳಲಿಲ್ಲವೇ ಎಂದು ನಾನು ಕೇಳಿದೆ. ಮಾವ ಅತ್ತೆಯನ್ನು ಕಿಟಕಿಯ ಪಕ್ಕ ಕೂರಿಸಿ ಗಾಜು ಸರಿಸಿದರು.

"ಕಡ್ಡಿ ಬ್ಯಾಡ. ನಿಂಗೆ ಎಲ್ಲಿ ತಂಪು ಹೇಳಿ ಕಾಣ್ತೋ, ಅಲ್ಲಿ ಹೇಳು" ಎಂದರು ಅತ್ತೆಗೆ.

ಅತ್ತೆ ನಕ್ಕರು. ಹೊಸ ಹುಚ್ಚು ಎಂದುಕೊಂಡಿರಬೇಕು. ನಾನು ಹಿಂದಿನ ಸೀಟಿನಲ್ಲಿ ಕೂತೆ. ಬಸ್ಸು ಪೇಟೆಯ ದೀಪಗಳನ್ನು ದಾಟಿತು, ಪೆಟ್ರೋಲ್ ಪಂಪು, ಗ್ಯಾರೇಜು, ಹೊಸ ಬಡಾವಣೆಯ ಕಮಾನು ದಾಟಿತು. ಆಮೇಲೆ ಎರಡೂ ಬದಿಗೆ ಮರಗಳು ಬಂದವು. ಒಂದು ತಿರುವಿನಲ್ಲಿ ಗಾಳಿ ಬದಲಾದದ್ದು ನನಗೂ ಗೊತ್ತಾಯಿತು. ಮಣ್ಣಿನ, ಎಲೆಯ ಹಸಿ ವಾಸನೆ, ತೋಳಿನ ಮೇಲೆ ಸಣ್ಣ ಚಳಿ. ಅತ್ತೆ ಸೆರಗನ್ನು ಭುಜದ ತುಂಬ ಹೊದ್ದುಕೊಂಡರು. ಇಲ್ಲಿ ಎಂದು ಹೇಳುತ್ತಾರೇನೋ ಎಂದು ಮಾವ ಅವರ ಮುಖವನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅತ್ತೆಯ ತಲೆ ವಾಲಿ ಮಾವನ ಭುಜಕ್ಕೆ ಬಂತು.

ಮಾವ ಅಲ್ಲಾಡಲಿಲ್ಲ. ಪರಿಚಯದ ಕಂಡಕ್ಟರ್ ಮಾತಾಡಿಸಲು ಬಂದ. ಮಾವ ತುಟಿಯ ಮೇಲೆ ಬೆರಳಿಟ್ಟರು. ಅವನು ಸೀಟಿ ಊದುವುದನ್ನೂ ಬಸ್ಸಿನ ಮೈಯನ್ನು ಡಬಡಬ ಬಡಿಯುವುದನ್ನೂ ಬಿಟ್ಟು, ಮುಂದೆ ಹೋಗಿ ಡ್ರೈವರಿಗೆ ಬಾಯಲ್ಲೇ ಹೇಳತೊಡಗಿದ. ತ್ಯಾಗಲಿಯ ಕಡೆ ತಿರುಗುವ ಜಾಗ ಬಂತು, ಜನ ಹತ್ತಿದರು, ಇಳಿದರು, ಬುಟ್ಟಿಗಳು ತಾಗಿದವು. ಅತ್ತೆಗೆ ಎಚ್ಚರವಾಗಲಿಲ್ಲ. ಸಿದ್ದಾಪುರದ ಸ್ಟ್ಯಾಂಡು ಬಂದು ಬಸ್ಸು ಖಾಲಿಯಾದಾಗ ಬೆಳಕು ಹರಿದಿತ್ತು. ಆಗಲೂ ಅತ್ತೆ ಬಾಯಿ ಸ್ವಲ್ಪ ತೆರೆದು, ಮಗುವಿನಂತೆ ಮಲಗಿದ್ದರು. ಮಾವನ ತೋಳು ಮರಗಟ್ಟಿರಬೇಕು, ಬೆರಳುಗಳು ಬೆಳ್ಳಗಾಗಿದ್ದವು. ನಾನು ಎದ್ದು ಹತ್ತಿರ ಹೋದೆ. ಅವರು ತಲೆ ತಿರುಗಿಸದೆ, ಪಿಸುದನಿಯಲ್ಲಿ ಮಾತಾಡಿದರು.

"ಪೇಟೆ ಹೊರಗೆ ಒಂದು ಹಂಚಿನ ಮನೆ ನೋಡು ಮಾಣಿ. ಬಾಡಿಗೆಗಾದ್ರೂ ಅಡ್ಡಿಲ್ಲೆ."

ಆಗಲಿ ಎಂದೆ. ಅವರು ಕಣ್ಣನ್ನಷ್ಟೇ ಅತ್ತೆಯ ಕಡೆ ಹೊರಳಿಸಿದರು.

"ಎರಡು ವರ್ಷ ಇದು ನಿದ್ದೆ ಇಲ್ದೇ ಕಳತ್ತು. ಆ ಎರಡು ವರ್ಷವೂ ಆನು ಬಸ್ಸು ಹತ್ತಿ ಇಳ್ದಿದ್ದು, ಇದು ಹೇಳದ್ನ ಸುಳ್ಳು ಮಾಡಿ ತೋರ್ಸಲೆ."

ಅವರ ಕಣ್ಣು ತುಂಬಿತ್ತು. ಒರೆಸಿಕೊಳ್ಳಬೇಕೆಂದರೆ ಕೈಯೆತ್ತಬೇಕು, ಕೈಯೆತ್ತಿದರೆ ಅತ್ತೆಗೆ ಎಚ್ಚರವಾದೀತು. ಹಾಗೇ ಬಿಟ್ಟುಕೊಂಡು ಕೂತರು. ಆ ಬಸ್ಸು ಶಿರಸಿಗೆ ವಾಪಸ್ಸು ಹೊರಡಲು ಇನ್ನೂ ಇಪ್ಪತ್ತು ನಿಮಿಷವಿತ್ತು. ನಾನು ಸದ್ದಾಗದಂತೆ ಕೆಳಗಿಳಿದು, ಚಹಾ ಕುಡಿಯುತ್ತಿದ್ದ ಡ್ರೈವರಿನ ಹತ್ತಿರ ಹೋಗಿ, ಹೊರಡುವಾಗ ಹಾರ್ನು ಹೊಡೆಯಬೇಡಿ ಎಂದು ಕೇಳಿಕೊಂಡೆ.